ಬಾಳೇಶ ಕಾಕಾನ ಎದೆಬಡಿತ

ನಮ್ಮ ಬಾಳೇಶ ಕಾಕಾ ಯಮಕನಮರಡಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಸೈಕಲ್ಲಿನ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ಹತ್ತಿದ್ದು ಮಾತ್ರ ಬಲವಾಗಿಯೇ ಹತ್ತಿತು. ಬೆಳಿಗ್ಗೆ ಬಿಗಿ ಚಡ್ಡಿ ಹಾಕಿಕೊಂಡು ಹೆದ್ದಾರಿ ಪಕ್ಕದ ರಸ್ತೆಗೆ ಇಳಿದನೆಂದರೆ ಚಹಾದಂಗಡಿಯ ಮಂದಿ ಕಪ್ಪು ಕೆಳಗಿಟ್ಟು ನೋಡುತ್ತಿದ್ದರು. ಅವನಿಗೆ ಅದರ ಗೊಡವೆಯೇ ಇರಲಿಲ್ಲ. ನನ್ನ ಹಳೇ ಸೈಕಲ್ಲಿನಲ್ಲಿ ಹಿಂದೆ ಹೋಗುವ ನನಗೇ ನಾಚಿಕೆ.

ಅವನ ಅಭ್ಯಾಸ ಸರಳ. ಊರಾಚೆಯ ಏರಿನಲ್ಲಿ ಒಮ್ಮೆ ಜೋರಾಗಿ ತುಳಿಯಬೇಕು, ಆಮೇಲೆ ಹಗುರಾಗಿ, ಮತ್ತೆ ಜೋರಾಗಿ. ಎಷ್ಟು ಜೋರು ಎಂಬುದನ್ನು ಎದೆಬಡಿತ ಹೇಳುತ್ತದೆ. ನಿಮಿಷಕ್ಕೆ ನೂರರವತ್ತರ ತನಕ ಏರಿಸು, ನೂರಿಪ್ಪತ್ತಕ್ಕೆ ಇಳಿದ ಮೇಲೆ ಮತ್ತೆ ಹೊರಡು. ಅದಕ್ಕೆಂದೇ ಬಡಿತ ಎಣಿಸುವ ಒಂದು ಪಟ್ಟಿ ತರಿಸಿ ಅಂಗಿಯೊಳಗೆ ಎದೆಗೆ ಕಟ್ಟಿಕೊಂಡ. ಬಡಿತದ ಅಂಕಿ ಕೈಗಡಿಯಾರದಲ್ಲಿ ಕಾಣುತ್ತಿತ್ತು.

ಮೊದಲ ದಿನವೇ ಗಡಿಯಾರ ಇನ್ನೂರ ಹತ್ತು ತೋರಿಸಿತು. ಅದೂ ಹಗುರಾಗಿ ತುಳಿಯುವಾಗ! ಕಾಕಾನ ಮುಖ ಇಳಿಯಿತು. ಅವನ ಅಪ್ಪ, ನಮ್ಮ ರಾಚಪ್ಪಜ್ಜ, ಇದೇ ವಯಸ್ಸಿನಲ್ಲಿ ಅಂಗಡಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಪ್ರಾಣ ಬಿಟ್ಟಿದ್ದ.

ಗೋಕಾಕಿನ ಡಾಕ್ಟರು ಎದೆಗೆ ವಾಯರ್ ಅಂಟಿಸಿ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದರು, ಏನೂ ತೊಂದರೆಯಿಲ್ಲ ಎಂದರು. ಮರುದಿನ ಏರಿನಲ್ಲಿ ಗಡಿಯಾರ ಮತ್ತೆ ಇನ್ನೂರು ದಾಟಿತು.

"ಅವರ ಮಷೀನಿಗೆ ಸಿಗಲಾರದ್ದು ಏನೋ ಐತಿ ಒಳಗ. ಸೈಕಲ್ ನೀನ ಇಟ್ಕೋಪಾ," ಎಂದ ಕಾಕಾ.

"ಡಾಕ್ಟರಕಿಂತ ಗಡಿಯಾರ ಶಾಣ್ಯಾ ಏನ್ ಕಾಕಾ?" ಎಂದು ರೇಗಿದೆ. ರೇಗಿದರೂ ಒಳಗೊಳಗೇ ನನಗೂ ಭಯವಿತ್ತು. ಮನೆಯಲ್ಲಿ ಶೋಭಾ ಕಾಕು, ಗಂಡ ಮೆಟ್ಟಿಲು ಹತ್ತಿದರೂ ಅವನ ಮುಖ ನೋಡುತ್ತಿದ್ದಳು.

ಒಂದು ಮುಂಜಾನೆ ಕಾಕಾ ಪೂಜೆ ಮುಗಿಸಿ, ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುತ್ತಿದ್ದ. ಕಾಕು ದಿಟ್ಟಿಸಿ ನೋಡಿದಳು.

"ದವಾಖಾನ್ಯಾಗ ಇದನ್ನ ಎಲ್ಲಿ ಇಟ್ಟಿದ್ರಿ?"

"ತೆಗೀರಿ ಅಂದ್ರು. ಲಿಂಗ ಮೈಮ್ಯಾಲಿಂದ ಹೆಂಗ ತೆಗೀಲಿ? ತೋಳಿಗೆ ಕಟ್ಕೊಂಡೆ."

"ಹಂಗಾರ ಸೈಕಲ್ ಮ್ಯಾಲೂ ತೋಳಿಗೇ ಕಟ್ಕೋರಿ. ಬಗ್ಗಿ ತುಳಿವಾಗ ಅದು ಆ ಪಟ್ಟಿಗೆ ಬಡೀತಿರಬೇಕು, ಗಡಿಯಾರ ಅದನ್ನೂ ಎದಿಬಡಿತ ಅಂತ ಎಣಸ್ತಿರಬೇಕು."

ಕಾಕಾ, ನಾನು ಇಬ್ಬರೂ ಪಟ್ಟಿಯ ಸೆಲ್ ಬದಲಿಸಿದ್ದೆವು, ಗಡಿಯಾರ ಬದಲಿಸಿದ್ದೆವು, ಪಟ್ಟಿ ಮಾರಿದವನನ್ನು ಬಾಯಿಗೆ ಬಂದಂತೆ ಬೈದಿದ್ದೆವು. ಹುಟ್ಟಿದಾಗಿನಿಂದ ಎದೆಯ ಮೇಲಿರುವ ಕರಡಿಗೆ ಮಾತ್ರ ಇಬ್ಬರಿಗೂ ನೆನಪಾಗಿರಲಿಲ್ಲ.

ಆವತ್ತೇ ಮೂವರೂ ಏರಿಗೆ ಹೋದೆವು. ಕಾಕು ಸ್ಕೂಟಿಯಲ್ಲಿ ಹಿಂದೆ ಬಂದಳು. ಕಾಕಾ ಕರಡಿಗೆಯನ್ನು ತೋಳಿಗೆ ಬಿಗಿದುಕೊಂಡು ಹಲ್ಲು ಕಚ್ಚಿ ತುಳಿದ. ನೂರಮೂವತ್ತು, ನೂರೈವತ್ತು, ನೂರರವತ್ತು. ಅಲ್ಲಿಂದ ಮೇಲೆ ಹೋಗಲಿಲ್ಲ. ಹಗುರಾಗಿ ತುಳಿದಾಗ ಅಂಕಿ ಸಾವಕಾಶ ಇಳಿಯತೊಡಗಿತು. ನಾನು ರಸ್ತೆಯಲ್ಲೇ ಕೂಗಿಬಿಟ್ಟೆ.

ಮೇಲೆ ತಲುಪಿ ಕಾಕಾ ಇಳಿದು ನಿಂತ. ಬೆವರೋ ಕಣ್ಣೀರೋ, ಮುಖವೆಲ್ಲ ಒದ್ದೆ. "ಸೈಕಲ್ ನಿನಗ ಕೊಡತೇನಿ ಅಂದಿದ್ನಲ್ಲ, ಮರತ್ಬಿಡು," ಎಂದ ನನಗೆ.

ನಂತರ ಕಾಕುವಿನತ್ತ ಕೈ ಚಾಚಿ, "ನೋಡ, ನೂರಿಪ್ಪತ್ತಕ್ಕ ಬಂತು," ಎಂದು ಗಡಿಯಾರ ತೋರಿಸಿದ.

ಕಾಕು ಗಡಿಯಾರ ನೋಡಲಿಲ್ಲ. ನಾಲ್ಕು ಮಂದಿಯ ಎದುರು ಗಂಡನ ಪಕ್ಕ ಕೂರಲೂ ಸಂಕೋಚಪಡುವ ಹೆಂಗಸು, ಮುಂದೆ ಬಂದು ಅವನ ಎದೆಯ ಮೇಲೆ ಅಂಗೈ ಇಟ್ಟಳು. ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದು ನಗುತ್ತ ಹೋದ. ಅವಳು ಕೈ ತೆಗೆಯಲಿಲ್ಲ.