ಹೊಗೆಕಿಂಡಿಯ ಬಾಣಂತಿ

ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು ನಿಂತಿದ್ದಾಗ ಫೋನು ಸದ್ದು ಮಾಡಿತು. ಜಗಳೂರಿನಿಂದ ಗಿರಿಜಾ ಏನೋ ರೆಕಾರ್ಡ್ ಮಾಡಿ ಕಳಿಸಿದ್ದಳು. ಮಾತಿಲ್ಲ, ಬರೀ ಒಂದು ಹಕ್ಕಿಯ ಸಿಳ್ಳು. ಮೇಲಕ್ಕೇರಿ, ಅಲ್ಲೇ ತುಸು ನಡುಗಿ, ಆಮೇಲೆ ನಿಧಾನಕ್ಕೆ ಇಳಿದು ಬರುವ ಉದ್ದನೆಯ ಸಿಳ್ಳು. ಅದರ ಹಿಂದೆ ಎಲ್ಲೋ ಬಸ್ಸಿನ ಹಾರನ್ನು, ಬಕೆಟ್ಟಿಗೆ ನೀರು ಬೀಳುವ ಸದ್ದು. ಅದು ಯಾವ ಹಕ್ಕಿಯೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಮಡಿವಾಳ ಹಕ್ಕಿ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ನಾನು ಮಾತ್ರ ನ್ಯಾಮತಿಯ ಈ ಅಡುಗೆಮನೆಯಲ್ಲಿ ಇರಲೇ ಇಲ್ಲ. ಚನ್ನಗಿರಿಯ ನಮ್ಮ ಹಳೆಯ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆ.

ನಾನು, ಪಕ್ಕದ ಮನೆಯ ಗಿರಿಜಾ, ಹಿಂದಿನ ಓಣಿಯ ನಸೀಮಾ, ಮೂವರೂ ಆ ಕಲ್ಲಿನ ಮೇಲೆಯೇ ಬೆಳೆದೆವು ಎಂದರೂ ಸುಳ್ಳಲ್ಲ. ಈಗ ಹಕ್ಕಿ ನೋಡುವವರಿಗೆ ದುರ್ಬೀನು ಬೇಕು, ಹಸಿರು ಬಣ್ಣದ ಟೋಪಿ ಬೇಕು. ನಮಗೆ ಆ ಕಲ್ಲೊಂದಿದ್ದರೆ ಸಾಕಾಗಿತ್ತು. ಅಲ್ಲಿಂದ ನುಗ್ಗೆಮರದ ಪಿಕಳಾರ ಕಾಣುತ್ತಿತ್ತು, ದಾಸವಾಳಕ್ಕೆ ತಲೆಕೆಳಗಾಗಿ ಜೋತುಬೀಳುವ ಸೂರಕ್ಕಿ ಕಾಣುತ್ತಿತ್ತು, ಬೇಲಿಯ ಮೇಲೆ ಕೂತು ಕತ್ತು ಕುಣಿಸುವ ಓತಿಕ್ಯಾತ ಕಾಣುತ್ತಿತ್ತು. ನಸೀಮಾ ಯಾವ ಹಕ್ಕಿಯ ಕೂಗನ್ನಾದರೂ ಒಮ್ಮೆ ಕೇಳಿದರೆ ಸಾಕು, ತುಟಿ ಮುಂದೆ ಮಾಡಿ ಹಾಗೆಯೇ ಸಿಳ್ಳು ಹಾಕುವಳು. ಈಗವಳು ಹೊನ್ನಾಳಿಯಲ್ಲಿದ್ದಾಳೆ, ಮೊಮ್ಮಕ್ಕಳ ಹಿಂದೆ ಸದಾ ಗಡಿಬಿಡಿ ಎಂದು ನಾವು ಚೇಷ್ಟೆ ಮಾಡುತ್ತೇವೆ. ಆದರೂ ಹೊಳೆಯ ಕಡೆಯಿಂದ ಒಂದು ಮಿಂಚುಳ್ಳಿ ಅವಳ ಹಿತ್ತಲಿಗೆ ಬಂದರೆ ಒಲೆ ಆರಿಸಿ ಫೋಟೋ ತೆಗೆದು ಕಳಿಸುತ್ತಾಳೆ. ಮೂರು ಊರು, ಮೂರು ಹಿತ್ತಲು. ದಿನಾ ಬೆಳಿಗ್ಗೆ ನಮ್ಮ ನಡುವೆ ಹೀಗೆ ಏನಾದರೊಂದು ಹಾರಿ ಬರುತ್ತದೆ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಗೋವಿನಕೋವಿಯ ನೆಂಟರ ಮದುವೆಗೆಂದು ಮನೆಯವರೆಲ್ಲ ಹೋಗಿ, ಸಾಕಷ್ಟು ದಿನ ಅಲ್ಲೇ ಉಳಿದು ಬಂದೆವು. ಬಂದವರೇ ಅಮ್ಮ ಬಚ್ಚಲ ಒಲೆಗೆ ಸೌದೆ ತುರುಕಿದಳು. ಕಡ್ಡಿ ಗೀರುವ ಮುಂಚೆ ನಾನು ಕೂಗಿಕೊಂಡೆ. ಒಲೆಯ ಮೇಲುಗಡೆ ಹೊಗೆ ಹೋಗಲೆಂದು ಗೋಡೆಯಲ್ಲಿ ಬಿಟ್ಟಿದ್ದ ಕಿಂಡಿಯಿಂದ ನಾರು, ಬೇರು, ಒಣಹುಲ್ಲು ಇಣುಕುತ್ತಿದ್ದವು. ಬೂದುಬಣ್ಣದ ಹೆಣ್ಣು ಮಡಿವಾಳ ಒಳಗೆ ಮೊಟ್ಟೆಗಳ ಮೇಲೆ ಕೂತು ನಮ್ಮನ್ನು ನೋಡುತ್ತಿತ್ತು. ಅಮ್ಮ ಕಡ್ಡಿಪೆಟ್ಟಿಗೆ ಹಿಡಿದುಕೊಂಡೇ ಅಜ್ಜಿಯ ಮುಖ ನೋಡಿದಳು. ಯಾಕೆಂದರೆ ಆ ಮನೆಯಲ್ಲಿ ಬಿಸಿನೀರು ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಅಜ್ಜಿಗೆ. ದಿನಾ ಹಂಡೆಯ ಸುಡುನೀರು ಮಂಡಿಗೆ ಹೊಯ್ದರಷ್ಟೇ ಅವಳು ಗೋಡೆ ಹಿಡಿದು ಏಳುತ್ತಿದ್ದಳು. ಅಜ್ಜಿ ಕಣ್ಣು ಕಿರಿದು ಮಾಡಿ ಕಿಂಡಿಯನ್ನೇ ಬಹಳ ಹೊತ್ತು ನೋಡಿದಳು. "ಸೌದೆ ತೆಗಿಯವ್ವ. ಮನೆಗೆ ಬಾಣಂತಿ ಬಂದಾಳೆ" ಅಂದಳು.

ನಮಗೆ ನಗು ಬಂದಿತ್ತು. ಅಮ್ಮನಿಗೆ ಬಂದಿರಲಿಲ್ಲ. ಯಾಕೆ ಬರಲಿಲ್ಲವೆಂದು ನನಗೆ ತಿಳಿದದ್ದು ಚೂರುಚೂರಾಗಿ, ದೊಡ್ಡವರು ಅರ್ಧಕ್ಕೇ ನಿಲ್ಲಿಸಿದ ಮಾತುಗಳಿಂದ. ನಾನು ಹುಟ್ಟುವ ಮೊದಲು ನಮ್ಮ ಶಾಂತತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು, ಜಗಳೂರಿಗೆ ಕೊಟ್ಟಿದ್ದರು. ಅವಳು ಚೊಚ್ಚಲ ಬಸುರಿಯಾದಾಗ ತವರಿಗೆ ಕರೆತರಬೇಕಿತ್ತು. ಅಷ್ಟರಲ್ಲಿ ಯಾವುದೋ ಮದುವೆಯ ಪಂಕ್ತಿಯಲ್ಲಿ ಅಜ್ಜನಿಗೂ ಬೀಗರಿಗೂ ಮಾತಿಗೆ ಮಾತು ಬೆಳೆದಿತ್ತು. ಅವರೇ ಕಳಿಸಿಕೊಡಲಿ ಎಂದು ಅಜ್ಜ, ಇವರೇ ಬಂದು ಕರೆಯಲಿ ಎಂದು ಅವರು. ಯಾರೂ ಹೋಗಲಿಲ್ಲ, ಯಾರೂ ಕಳಿಸಲಿಲ್ಲ. ಅತ್ತೆ ಅಲ್ಲೇ ಹೆತ್ತಳು. ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಜಗಳೂರು ಎಂಬ ಊರಿನ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. ಅಡಿಕೆ ವ್ಯಾಪಾರಕ್ಕೆಂದು ಊರೂರು ತಿರುಗುವ ಅಜ್ಜ ಆ ದಿಕ್ಕಿನ ಬಸ್ಸು ಹತ್ತಿದ್ದನ್ನು ನಾನು ನೋಡಿಲ್ಲ.

ಹೀಗೆ ನಮ್ಮ ಮನೆ ತಣ್ಣೀರಿನ ಮನೆಯಾಯಿತು. ಅಜ್ಜಿಗೆ ಮಾತ್ರ ಅಡುಗೆಒಲೆಯ ಮೇಲೆ ಒಂದು ಪಾತ್ರೆ ಕಾಯಿಸುತ್ತಿದ್ದರು. ಅದು ಒಂದು ಮಂಡಿಗೂ ಸಾಲುತ್ತಿರಲಿಲ್ಲ. ಅವಳು ನರಳುವುದು ಪಡಸಾಲೆಗೂ ಕೇಳುತ್ತಿತ್ತು. ನಾವು ಮೂವರು ಶಾಲೆಯಿಂದ ಬಂದವರೇ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದೆವು. ಕಪ್ಪು ಬಿಳುಪಿನ ಗಂಡು ನುಗ್ಗೆಯ ತುದಿಯಲ್ಲಿ ಬಾಲ ನಿಗುರಿಸಿ ಹಾಡುತ್ತಿತ್ತು, ಹೆಣ್ಣು ಸದ್ದಿಲ್ಲದೆ ಒಳಗೆ ಹೋಗಿ ಬರುತ್ತಿತ್ತು. ಕಂಡದ್ದನ್ನೆಲ್ಲ ಅಜ್ಜಿಗೆ ಒಪ್ಪಿಸಬೇಕು. ಮೊಟ್ಟೆ ಒಡೆದ ದಿನ ಗಿರಿಜಾ ಏದುಸಿರು ಬಿಡುತ್ತ ಹೇಳಿದರೆ, ಅಜ್ಜಿ ಮೂವರ ಬಾಯಿಗೂ ಬೆಲ್ಲ ಇಟ್ಟಳು. ಅಜ್ಜ ಜಗಲಿಯ ಮೇಲೆ ನಮಗೆ ಬೆನ್ನು ಹಾಕಿ ಕೂತು ಪೇಪರು ಓದುತ್ತಿದ್ದ. ಆದರೆ ನಮ್ಮ ಮಾತು ಶುರುವಾದರೆ ಪೇಪರಿನ ಹಾಳೆ ಮಗುಚುವ ಸದ್ದು ನಿಂತುಹೋಗುತ್ತಿತ್ತು.

ಯುಗಾದಿ ಹತ್ತಿರ ಬಂತು. ಮರಿಗಳಿಗೆ ಇನ್ನೂ ಸರಿಯಾಗಿ ಪುಕ್ಕ ಬಲಿತಿರಲಿಲ್ಲ. ಹಬ್ಬದ ದಿನ ಎಣ್ಣೆ ಹಚ್ಚಿಕೊಂಡು, ಹಂಡೆಯಲ್ಲಿ ಬೇವಿನೆಲೆ ಹಾಕಿ ಕಾಯಿಸಿದ ನೀರು ಎರೆದುಕೊಳ್ಳದ ಮನೆ ನಮ್ಮ ಓಣಿಯಲ್ಲೇ ಇರಲಿಲ್ಲ. ಬೆಳಿಗ್ಗೆ ಅಜ್ಜ ತಾನೇ ಸೌದೆ ಹಿಡಿದು ಬಚ್ಚಲ ಬಾಗಿಲಿಗೆ ಬಂದ. ಅಜ್ಜಿ ಹೊಸ್ತಿಲ ಮೇಲೆ ಕೂತಿದ್ದಳು.

"ಹಬ್ಬದ ದಿನಾನೂ ಹಂಡೆಗೆ ಉರಿ ಇಲ್ಲ ಅಂದ್ರೆ ಜನ ಏನಂತಾರೆ? ಏಳು ಮೇಲೆ" ಅಂದ ಅಜ್ಜ.

ಅಜ್ಜಿ ಏಳಲಿಲ್ಲ. ದನಿಯನ್ನೂ ಏರಿಸಲಿಲ್ಲ. "ಒಬ್ಬಾಕೆ ಹೆರಾಕೆ ಈ ಮನೆಗೆ ಬರದಂಗಾತು. ತಾನಾಗೇ ಬಂದಾಕೀನ ಹೊಗೆ ಹಾಕಿ ಓಡಿಸಾಕೆ ನನ್ ಕೈಲಿ ಆಗಲ್ಲರೀ. ನೀವು ಹಚ್ಚೋದಾದ್ರೆ ಹಚ್ಚಿರಿ."

ನಾವು ಮೂವರು ಕಲ್ಲಿನ ಮೇಲೆ ಕೂತು ನೋಡುತ್ತಿದ್ದೆವು. ಒಳಗೆ ಮರಿಗಳು ಚಿಂವ್‌ಗುಟ್ಟಿದವು. ಅಜ್ಜ ಕಿಂಡಿಯ ಕಡೆ ನೋಡಲಿಲ್ಲ, ಅಜ್ಜಿಯ ಕಡೆಯೂ ನೋಡಲಿಲ್ಲ. ಸೌದೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. ಹಗ್ಗದ ಮೇಲಿನ ಪಂಚೆ, ಟವೆಲು ಹೆಗಲಿಗೆ ಹಾಕಿಕೊಂಡು, ತಲೆಯ ಎಣ್ಣೆ ಕೆನ್ನೆಗೆ ಇಳಿಯುತ್ತಿದ್ದಂತೆಯೇ ಬೀದಿಗೆ ಹೋಗಿ ಗಿರಿಜಾಳ ಮನೆಯ ಬಾಗಿಲು ತಟ್ಟಿದ. ಬೀಗರ ಮನೆಗೆ ಹೋಗಿ ಮಗಳನ್ನು ಕಳಿಸಿಕೊಡಿ ಎಂದು ಕೇಳಲಾರದೆ ಹೋದ ಮನುಷ್ಯ ಅಂದು ಪಕ್ಕದ ಮನೆಯವರಲ್ಲಿ, "ಒಂದ್ ನಾಲ್ಕು ತಂಬಿಗೆ ಬಿಸಿನೀರು ಕೊಡ್ರವ್ವ. ನಮ್ಮನೇಲಿ ಬಾಣಂತಿ ಐದಾಳೆ" ಎಂದು ಕೇಳಿದ. ಗಿರಿಜಾಳ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು. ನಕ್ಕರೆಂದು ನಾನು ತಿಳಿದಿದ್ದೆ. ಇಲ್ಲ, ಅವರು ಅತ್ತಿದ್ದರು. ಅವರು ಶಾಂತತ್ತೆಯ ಗೆಳತಿ.

ಹಬ್ಬ ಕಳೆದು ಕೆಲವು ದಿನಕ್ಕೆ ಮರಿಗಳು ಹಾರಿದವು. ಕೊನೆಯ ಮರಿ ಕಿಂಡಿಯ ಅಂಚಿನಲ್ಲಿ ಹಿಂದೆ ಮುಂದೆ ನೋಡುತ್ತ ಬಹಳ ಹೊತ್ತು ಕೂತಿತ್ತು. ನಸೀಮಾ ಅದರಪ್ಪನ ಹಾಗೆ ಸಿಳ್ಳು ಹಾಕಿದಳು, ಅದು ನುಗ್ಗೆಯ ಕೊಂಬೆಗೆ ಹೇಗೋ ತಲುಪಿತು. ಅಜ್ಜಿ ಅಮ್ಮನ ತೋಳು ಹಿಡಿದು ಹಿತ್ತಲಿಗೆ ಬಂದಳು. ಬಾಳೆ ಎಲೆಯ ಮೇಲೆ ಅಕ್ಕಿ, ಬೆಲ್ಲ, ಒಣಕೊಬ್ಬರಿ, ಅರಿಶಿನ, ಕುಂಕುಮ, ಒಂದು ಹಸಿರು ರವಿಕೆ ಬಟ್ಟೆ ಇಟ್ಟು ಕಿಂಡಿಯ ಕೆಳಗೆ ಕಲ್ಲಿನ ಮೇಲಿರಿಸಿದಳು. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಮಗಳಿಗೆ ತವರಿನವರು ಮಡಿಲು ತುಂಬುವುದು ಹೀಗೆಯೇ. "ಹೋಗಿ ಬಾರವ್ವ" ಅಂದಳು. ಅಕ್ಕಿಯನ್ನು ಅಳಿಲು, ಗುಬ್ಬಿ ತಿಂದವು. ರವಿಕೆ ಬಟ್ಟೆಯನ್ನು ಯಾರು ಎತ್ತಿಟ್ಟರೋ ನನಗೆ ಗೊತ್ತಿರಲಿಲ್ಲ.

ಮುಂದಿನ ವರ್ಷದ ಹೊತ್ತಿಗೆ ಅಜ್ಜಿ ಇರಲಿಲ್ಲ. ಶಿವರಾತ್ರಿ ಕಳೆದ ಮಾರನೆಯ ದಿನ ಅಜ್ಜ ತಾನೇ ಬಚ್ಚಲ ಒಲೆಯ ಬೂದಿ ಬಳಿದು, ಕೋಲಿಗೆ ಬಟ್ಟೆ ಸುತ್ತಿ ಕಿಂಡಿಯ ಮಸಿ ತೆಗೆದ. ಇನ್ನು ಉರಿ ಹಾಕಬೇಡಿ ಅಂದ. ಶಾಲೆ ಬಿಟ್ಟು ನಾವು ಬರುವಷ್ಟರಲ್ಲಿ ಅವನು ನಮ್ಮ ಕಲ್ಲಿನ ಮೇಲೆ ಕೂತಿರುತ್ತಿದ್ದ, ನಮಗೆ ಜಾಗ ಬಿಡಲು ತುಸು ಸರಿಯುತ್ತಿದ್ದ. "ಬಂತೇನವ್ವಾ?" ಎಂದು ಒಂದು ಸಲ ನಸೀಮಾಳನ್ನು ಕೇಳಿದ. ಅವಳು ಸಿಳ್ಳು ಹಾಕಿ ಕರೆದಳು, ಮತ್ತೆ ಮತ್ತೆ ಕರೆದಳು. ಹಕ್ಕಿ ಬರಲಿಲ್ಲ. ಯುಗಾದಿಯ ದಿನವೂ ಕಿಂಡಿ ಖಾಲಿಯಿತ್ತು. ಆದರೂ ಅಜ್ಜ ಟವೆಲು ಹೆಗಲಿಗೆ ಹಾಕಿಕೊಂಡು ಗಿರಿಜಾಳ ಮನೆಗೆ ಹೋಗಿ ಸ್ನಾನ ಮಾಡಿ ಬಂದ. ಬದುಕಿರುವವರೆಗೂ ಪ್ರತಿ ವರ್ಷ ಹಾಗೆಯೇ ಮಾಡಿದ. ಅವನು ಹೋದ ಮೇಲೆ ಅವನ ಟ್ರಂಕಿನಲ್ಲಿ ಪಂಚೆಗಳ ಕೆಳಗೆ ಆ ಹಸಿರು ರವಿಕೆ ಬಟ್ಟೆ ಸಿಕ್ಕಿತು.

ಆ ಮನೆ ಈಗಿಲ್ಲ. ಮೊಬೈಲ್ ಅಂಗಡಿ, ಬೇಕರಿ ಬಂದಿವೆ. ನುಗ್ಗೆಮರವಿದ್ದಲ್ಲಿ ಬೈಕು ನಿಲ್ಲಿಸುತ್ತಾರೆ. ಚನ್ನಗಿರಿಗೆ ಹೋದರೆ ನಾನು ಆ ಬೀದಿಯಲ್ಲಿ ಹಾಯುವುದಿಲ್ಲ, ನನ್ನಿಂದಾಗದು.

ಒಲೆ ಒರೆಸಿ ಗಿರಿಜಾಳಿಗೆ ಫೋನು ಮಾಡಿದೆ. "ಮಹಡಿ ಬಚ್ಚಲ ಗೋಡೆ ತೂತಿನಾಗೆ ಗೂಡು ಕಟ್ಟ್ಯಾಳೆ ಕಣೇ, ಗೀಸರ್ ಪಕ್ಕದಾಗೇ. ಗೀಸರ್ ಬಂದ್ ಮಾಡೀನಿ. ನಮ್ಮನೆಯೋರು ತಣ್ಣೀರಿಗೆ ಸೀನಿ ಸೀನಿ ನನಗೆ ಬೈತಾರೆ" ಎಂದು ನಕ್ಕಳು. ನಾನೂ ನಕ್ಕೆ. ಆಚೆ ಜಗಳೂರಿನಲ್ಲಿ ಮಡಿವಾಳ ಹಾಡುತ್ತಲೇ ಇತ್ತು.

"ಗಿರಿಜಾ, ಹೊರಡೋ ದಿನ..." ಅಂದೆ.

"ಅಕ್ಕಿ, ಬೆಲ್ಲ ಆಗ್ಲೇ ತೆಗೆದಿಟ್ಟೀನಿ" ಅಂದಳು. "ಬಟ್ಟೆ ನೀನು ತಗೊಂಡು ಬಾ. ಅದು ನಿಮ್ಮನೇದೇ ಆಗಬೇಕು."