ಸಣ್ಣಮ್ಮ ಕಲಿಸಿದ ಹದ

ಹೋದ ಗುರುವಾರ ನಾನು ಒಬ್ಬರ ಕಣ್ಣು ಕಳೆಯುವುದರಲ್ಲಿದ್ದೆ. ತಮಾಷೆಯಲ್ಲ, ನಿಜವಾಗಿ.

ಹಾಸನದ ನಮ್ಮ ಮನೆಯ ಹಿತ್ತಲಲ್ಲಿ ಬಾವಿ ತೋಡಿಸುತ್ತಿದ್ದೇನೆ. ಹನ್ನೆರಡು ಅಡಿಗೇ ಬಂಡೆ ಸಿಕ್ಕಿತು. ಒಡೆಯಲು ಚನ್ನರಾಯಪಟ್ಟಣದ ಕಡೆಯಿಂದ ಬೋರಯ್ಯ ಬಂದರು. ಅವರ ಹೆಂಡತಿ ಸಣ್ಣಮ್ಮ ಪಕ್ಕದಲ್ಲೇ ಇದ್ದಿಲ ಒಲೆ ಹೂಡಿ, ಮೊಂಡಾದ ಚಾಣಗಳನ್ನು, ಅಂದರೆ ಕಲ್ಲೊಡೆಯುವ ಉಳಿಗಳನ್ನು, ಕಾಯಿಸಿ ಹರಿತ ಮಾಡಿಕೊಡುತ್ತಾರೆ. ಆ ದಿನ ಆಕೆ ಊರಿಗೆ ಹೋಗಿದ್ದರು. ಚಾಣ ಮೊಂಡಾಯಿತು.

"ನಾಳೀಕೆ ಅವ್ಳು ಬತ್ತಾಳೆ ಸಾ, ಆಮ್ಯಾಕೆ ನೋಡಾನ" ಎಂದರು ಬೋರಯ್ಯ.

ನಾನು ಕೇಳಬೇಕೆ? ಹನ್ನೊಂದು ವರ್ಷದಿಂದ ಕಾಲೇಜಿನಲ್ಲಿ ಉಕ್ಕಿನ ಪಾಠ ಹೇಳುತ್ತಿರುವವನು! ತಟ್ಟಿ ಚೂಪು ಮಾಡಿ, ಇಡೀ ಚಾಣವನ್ನು ಕೆಂಪಗೆ ಕಾಯಿಸಿ, ಬಕೆಟ್ಟಿನ ನೀರಿಗೆ ಅದ್ದಿ ಕೊಟ್ಟೆ. (ಬೀಗಿದ್ದೂ ಉಂಟು.)

ಮೂರನೇ ಪೆಟ್ಟಿಗೆ ಚಾಣದ ತಲೆಯಿಂದ ಚೂರೊಂದು ಸಿಡಿದು ಬೋರಯ್ಯನವರ ಹುಬ್ಬಿಗೆ ನೆಟ್ಟಿತು. ಕೂದಲೆಳೆಯಷ್ಟು ಕೆಳಗಾಗಿದ್ದರೆ? ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ ಗಾಡಿಯವನಿಗೆ ಬೇಗ ಬೇಗ ಎಂದು ಅವಸರ ಮಾಡುತ್ತಿದ್ದವನು ನಾನು. ರಕ್ತ ಒರೆಸಿಕೊಳ್ಳುತ್ತ ಸಮಾಧಾನ ಹೇಳಿದವರು ಅವರು.

ಮರುದಿನ ಬೆಳಿಗ್ಗೆ ಬೋರಯ್ಯ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡೇ ಹಾಜರು. ಜೊತೆಗೆ ಸಣ್ಣಮ್ಮ. ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ. ಆಕೆ ಚಾಣವನ್ನು ತಿರುಗಿಸಿ ನೋಡಿದರು.

"ತಲೆನೂ ಯಾಕ್ ಸಾ ಅದ್ಬುಟ್ರಿ? ಏಟು ತಿನ್ನೋ ಕಡೆ ಮೆತ್ತಗಿರ್ಬೇಕು, ಬಾಯಿ ಗಟ್ಟಿಗಿರ್ಬೇಕು. ಅದ್ಕೂ ಅದ ಬ್ಯಾಡ್ವಾ?" ಆಕೆಯ ಬಾಯಲ್ಲಿ ಹದ ಎಂಬುದು 'ಅದ'.

ಚಾಣವನ್ನು ಮತ್ತೆ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಟ್ಟರು. ಆಮೇಲೆ ಬಾಯಿಯನ್ನಷ್ಟೇ ಕಾಯಿಸಿ, ತುದಿಯನ್ನು ನೀರಿಗದ್ದಿ ತೆಗೆದು ಕಲ್ಲಿಗೆ ಉಜ್ಜಿದರು. ತುದಿಯ ಹಿಂಭಾಗದಲ್ಲಿ ಉಳಿದಿದ್ದ ಬಿಸಿ ತುದಿಗೆ ಹರಿಯುತ್ತಿದ್ದಂತೆ ಅಲ್ಲಿ ರಾಗಿ ಹುಲ್ಲಿನ ಬಣ್ಣ ಮೂಡಿತು. "ಈಗ ಅದ ಬಂತು ಕಣ್ ಸಾ" ಎಂದು ಪೂರ್ತಿ ತಣಿಸಿದರು.

ನನಗೆ ಇದು ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು! ಕೆಂಪಗೆ ಕಾದ ಉಕ್ಕನ್ನು ಥಟ್ಟನೆ ತಣಿಸಿದರೆ ಒಳಗಿನ ಇಂಗಾಲ ಹೊರಬರಲು ಪುರುಸೊತ್ತಿಲ್ಲದೆ ಸಿಕ್ಕಿಬೀಳುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒತ್ತೊತ್ತಾಗಿ ಸೂಜಿ ಚೆಲ್ಲಿದ ಹಾಗೆ. ಬಲು ಗಡಸು, ಆದರೆ ಗಾಜಿನಂತೆ ಸಿಡಿಯುವಂಥದ್ದು. ಇನ್ನೊಮ್ಮೆ ಹಿತವಾಗಿ ಕಾಯಿಸಿದರೆ ಆ ಬಿಗಿ ಸಡಿಲಿ, ಪೆಟ್ಟು ತಾಳುವ ಗುಣ ಬರುತ್ತದೆ. ಟೆಂಪರಿಂಗ್! ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಅಂದು ಚಾಣದ ಚೂಪು ಕಂಡೇ ಖುಷಿಯಾಗಿ ಅದನ್ನೇ ಕೈಬಿಟ್ಟೆ.

"ತಪ್ಪು ನನ್ನದು ಬೋರಯ್ಯ" ಎಂದೆ.

"ಬುಡಿ ಸಾ, ಕಣ್ಣು ಉಳೀತಲ್ಲ. ನೀವೇನು ಬೇಕೂಂತ ಮಾಡಿದ್ರಾ?" ಎಂದವರೇ ಚಾಣ ಹಿಡಿದು ಬಾವಿಗೆ ಇಳಿದರು. ಮೇಲೆ ನಿಂತು ಆ ಸುತ್ತಿಗೆಯ ಸದ್ದು ಕೇಳುತ್ತಿದ್ದಂತೆ ನನಗೆ ಕೈಮುಗಿಯಬೇಕೆನಿಸಿತು.

ಅವರ ಜಾಗದಲ್ಲಿ ನಾನಿದ್ದಿದ್ದರೆ ಮರುದಿನವೇ ಈ ಮೇಷ್ಟರ ಬಾವಿಗೆ ಇಳಿಯುತ್ತಿದ್ದೆನೆ?