ಅಳತೆಪಟ್ಟಿ ಇಲ್ಲದ ಫೋಟೋ

ನನ್ನ ಸೋದರಮಾವ ನಗರಸಭೆಯ ಕಟ್ಟಡ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಫೋಟೋ ತೆಗೆಯುವ ಕೆಲಸ ಮಾಡಿದ. ಫೋಟೋ ಎಂದರೆ ಸೋರುವ ಚಾವಣಿಯದು, ಕಟ್ಟಿಕೊಂಡ ಚರಂಡಿಯದು, ಅನುಮತಿಯಿಲ್ಲದೆ ಎಬ್ಬಿಸಿದ ಮಹಡಿಯದು. ಅವುಗಳನ್ನು ಯಾರೂ ನೋಡುತ್ತಿರಲಿಲ್ಲ ಎಂದರೆ ತಪ್ಪಾದೀತು. ಫೈಲಿಗೆ ಅಂಟಿಸುವ ಗುಮಾಸ್ತೆ ತಲೆಕೆಳಗಾಗಿಲ್ಲ ತಾನೇ ಎಂದು ಒಮ್ಮೆ ನೋಡುತ್ತಿದ್ದಳು.

ಅವನ ಜೀವವೆಲ್ಲ ಇದ್ದದ್ದು ನೆರಳಿನಲ್ಲಿ. ಬೆಳಿಗ್ಗೆ ಆರಕ್ಕೆಲ್ಲ ಸೈಕಲ್ ಹತ್ತಿ, ಕೊರಳಿಗೆ ಸ್ವಂತದ ಕ್ಯಾಮೆರಾ ನೇತುಹಾಕಿಕೊಂಡು ಹೊರಟುಬಿಡುತ್ತಿದ್ದ. ಎಳೆಬಿಸಿಲು ಬಿದ್ದ ಹೊತ್ತಿನಲ್ಲಿ ನೀರಿನ ಟ್ಯಾಂಕಿನ ನೆರಳು ಎದುರುಮನೆಯ ಎರಡು ಮಹಡಿಗಳ ಮೇಲೆ ಮೈಚಾಚಿ ಮಲಗುವುದು, ಮೆಟ್ಟಿಲಿನ ಕಂಬಿಗಳು ಬಿಳಿಗೋಡೆಯ ಮೇಲೆ ಬಾಚಣಿಗೆಯ ಹಲ್ಲಿನಂತೆ ಮೂಡುವುದು, ಒಂದು ಕಿಟಕಿ ಉರಿಯುವಂತೆ ಬೆಳಗಿ ಅದರ ಪಕ್ಕದ್ದು ಬಾವಿಯಂತೆ ಕಪ್ಪಾಗಿರುವುದು, ಇವೇ ಅವನಿಗೆ ಬೇಕಾದದ್ದು. ಬಿಸಿಲು ನೆತ್ತಿಗೆ ಬಂದ ಮೇಲೆ ಕಟ್ಟಡಗಳೆಲ್ಲ ಸಪ್ಪೆ ಎನ್ನುತ್ತಿದ್ದ. ಆಫೀಸಿನಲ್ಲಿ ಅವನಿಗೆ ನೆರಳಪ್ಪ ಎಂದೇ ಹೆಸರು. ಮನೆಯಲ್ಲಿ ಹನ್ನೊಂದು ಆಲ್ಬಂಗಳಿದ್ದವು, ಒಂದರಲ್ಲೂ ಮನುಷ್ಯರ ಮುಖವಿರಲಿಲ್ಲ. ಈ ಮನುಷ್ಯ ನನ್ನದೊಂದು ಫೋಟೋ ತೆಗೆಯಬೇಕಾದರೆ ನಾನು ಮೈಗೆ ಸುಣ್ಣ ಬಳಿದುಕೊಂಡು ಬಿಸಿಲಿಗೆ ನಿಲ್ಲಬೇಕು ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಮಾವನೂ ನಗುತ್ತಿದ್ದ. ಆದರೆ ಇಷ್ಟು ವರ್ಷದಲ್ಲಿ ಒಬ್ಬರಾದರೂ ತನ್ನ ಫೋಟೋದ ಮುಂದೆ ಒಂದು ನಿಮಿಷ ನಿಂತು ನೋಡಲಿಲ್ಲವಲ್ಲ ಎಂಬ ಕೊರಗು ಒಳಗೇ ಇತ್ತು. ಮುಂದೆ ಆದದ್ದಕ್ಕೆಲ್ಲ ಈ ಕೊರಗೇ ಮೂಲ ಎಂದು ಆಮೇಲೆ ಅವನೇ ನನಗೆ ಹೇಳಿದ.

ಒಂದು ವರ್ಷ ನಗರಸಭೆಯವರು ಹಳೆಯ ಕಟ್ಟಡಗಳ ಪರಿಶೀಲನೆಗೆ ಇಳಿದರು. ಹಿಂದಿನ ವರ್ಷ ಎಲ್ಲೋ ಒಂದು ಬಾಲ್ಕನಿ ಕಳಚಿ ಬಿದ್ದಿತ್ತು, ಹಾಗಾಗಿ ಎಲ್ಲರಿಗೂ ಅವಸರ. ಮಾವನಿಗೆ ಹನ್ನೆರಡು ಕಟ್ಟಡಗಳ ಪಟ್ಟಿ ಸಿಕ್ಕಿತು. ಅದಕ್ಕೆ ನಿಯಮಗಳಿದ್ದವು. ಗೋಡೆಯ ಮೇಲೆ ಬೆಳಕು ಒಂದೇ ಸಮನಾಗಿ ಇರುವ ಹೊತ್ತಿನಲ್ಲಿ ಫೋಟೋ ತೆಗೆಯಬೇಕು. ಬಿರುಕಿನ ಪಕ್ಕದಲ್ಲಿ ಕಡ್ಡಾಯವಾಗಿ ಅಳತೆಪಟ್ಟಿ ಹಿಡಿದಿರಬೇಕು, ಬಿರುಕು ಎಷ್ಟು ಅಗಲ ಎಂಬುದು ನೋಡಿದವರಿಗೆ ತಿಳಿಯಬೇಕು. ಮಾವನಿಗೆ ಇದೆಲ್ಲ ಬಾಯಿಪಾಠ.

ಹನ್ನೊಂದನ್ನು ಹಾಗೆಯೇ ತೆಗೆದ. ಹನ್ನೆರಡನೆಯದು ಆರು ಸಂಸಾರಗಳಿದ್ದ ಮೂರು ಮಹಡಿಯ ಹಳೆಯ ಮನೆ. ಅದರ ಪಕ್ಕದ ಗೋಡೆಗೆ ಹೊರಗಿನಿಂದಲೇ ಮೆಟ್ಟಿಲು ಹತ್ತಿಸಿದ್ದರು. ದಿನವಿಡೀ ನೆರಳಿನಲ್ಲೇ ಇರುವ ಆ ಗೋಡೆಯನ್ನು ಬೆಳಿಗ್ಗೆ ಅರ್ಧ ಗಂಟೆ ಮಾತ್ರ ಬಿಸಿಲು ಪಕ್ಕದಿಂದ ಬಂದು ಸವರಿಕೊಂಡು ಹೋಗುತ್ತಿತ್ತು. ಮಾವ ಅಲ್ಲಿಗೆ ಹೋದದ್ದು ಸರಿಯಾಗಿ ಆ ಅರ್ಧ ಗಂಟೆಗೆ. ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕುಗಳೆಲ್ಲ ಕಪ್ಪಗೆ ಎದ್ದು ನಿಂತಿದ್ದವು. ಮೆಟ್ಟಿಲಿನ ನೆರಳು ಅವುಗಳ ಮೇಲೆ ಅಡ್ಡಡ್ಡ ಬಿದ್ದು ಗೋಡೆಯೇ ತುಂಡುತುಂಡಾದಂತೆ ಕಾಣುತ್ತಿತ್ತು. ಮೊದಲು ಅಳತೆಪಟ್ಟಿ ಅಂಟಿಸಿಯೇ ಒಂದು ತೆಗೆದ. ಹಳದಿ ಪಟ್ಟಿ ಕಣ್ಣಿಗೆ ಚುಚ್ಚುತ್ತಿತ್ತು, ಚಿತ್ರ ಕೆಟ್ಟಿತು. ಪಟ್ಟಿ ಕಿತ್ತು ಜೇಬಿಗೆ ಹಾಕಿ ಇನ್ನೊಂದು ತೆಗೆದ. ಆಫೀಸಿಗೆ ಬಂದು ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟನ್ನೂ ಸ್ವಲ್ಪ ಏರಿಸಿದ. ಕೊಟ್ಟದ್ದು ಆ ಎರಡನೆಯದನ್ನು.

ಎಂಜಿನಿಯರಿಗೆ ಮಂಡಿನೋವು, ಜೊತೆಗೆ ಮೇಲಿನವರ ಒತ್ತಡ. ಅವರು ಸ್ಥಳಕ್ಕೆ ಹೋಗದೆ ಫೋಟೋ ನೋಡಿಯೇ ವರದಿ ಬರೆಯುತ್ತಿದ್ದರು. ಈ ಫೋಟೋ ಕೈಗೆ ಬಂದಾಗ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರಂತೆ. ಅಳತೆಪಟ್ಟಿ ಎಲ್ಲಿ ಎಂದು ಮಾತ್ರ ಕೇಳಲಿಲ್ಲ. ಸಭೆಯಲ್ಲಿ ಅದನ್ನು ಪರದೆಯ ತುಂಬ ದೊಡ್ಡದಾಗಿ ಹಾಕಿದರು. ಆಯುಕ್ತರು ಮಾತು ನಿಲ್ಲಿಸಿ, ಇದನ್ನು ತೆಗೆದವರು ಯಾರು ಎಂದು ಕೇಳಿದರು. ಮಾವ ಎದ್ದು ನಿಂತ. ಶಹಬ್ಬಾಸ್, ಪರಿಸ್ಥಿತಿ ಹೇಗಿದೆ ಅಂತ ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದ್ದೀರಿ ಎಂದರು. ಕೈ ಒಳಗೆ ತೂರಿಸಬಹುದು ಎನ್ನುವಂತೆ ಕಾಣುತ್ತಿದ್ದ ಆ ಬಿರುಕಿನ ನಿಜವಾದ ಅಗಲವನ್ನು ಮಾವ ಆಗ ಹೇಳಬಹುದಿತ್ತು, ಬಾಯಿಯವರೆಗೂ ಬಂದಿತ್ತು. ಇಡೀ ಸಭೆ ತನ್ನ ಫೋಟೋ ನೋಡುತ್ತಿತ್ತು. ಕೈಮುಗಿದು ಕೂತುಬಿಟ್ಟ.

ಮೂರು ವಾರದೊಳಗೆ ಮನೆ ಖಾಲಿ ಮಾಡುವಂತೆ ಆದೇಶ ಹೊರಟಿತು.

ಖಾಲಿ ಮಾಡುವ ದಿನದ ಫೋಟೋಗಳೂ ಫೈಲಿಗೆ ಬೇಕು. ಮಾವನೇ ಹೋಗಬೇಕಾಯಿತು. ಮಂಚ, ಪಾತ್ರೆಯ ಮೂಟೆ, ಹೊಲಿಗೆಯಂತ್ರ ಎಲ್ಲ ಬೀದಿಗೆ ಬಂದಿದ್ದವು. ಮೂರನೆಯ ಮಹಡಿಯಿಂದ ಒಬ್ಬರು ವಯಸ್ಸಾದವರು ಇಳಿದು ಬರುತ್ತಿದ್ದರು. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ, ಕಣ್ಣು ಹೋಗಿ ಹದಿನೈದು ವರ್ಷ. ಎಡಗೈಯನ್ನು ಗೋಡೆಯ ಮೇಲೆ ಆಡಿಸುತ್ತ, ಯಾರ ಆಸರೆಯೂ ಇಲ್ಲದೆ, ಕಣ್ಣಿದ್ದವರಿಗಿಂತ ಸಲೀಸಾಗಿ ಅವರು ಇಳಿಯುವುದನ್ನು ಮಾವ ಫೋಟೋ ತೆಗೆದ. ಕ್ಲಿಕ್ ಎಂದ ಸದ್ದಿಗೆ ಅವರು ನಿಂತರು.

"ಯಾರದು?"

"ನಗರಸಭೆಯಿಂದ ಬಂದಿದೀನಿ."

"ಈ ಗೋಡೆ ಬಿರುಕು ಬಿಟ್ಟಿದೆ ಅಂದೋರು ನೀವೇನಾ? ಹದಿನೈದು ವರ್ಷದಿಂದ ದಿನಾ ಸವರ್ತಾ ಇದೀನಪ್ಪ, ನನ್ನ ಉಗುರು ಹೋಗೋಷ್ಟು ಬಿರುಕೂ ಸಿಕ್ಕಿಲ್ಲ. ಎಲ್ಲಿದೆ, ನನ್ನ ಕೈ ಹಿಡಿದು ಅದರ ಮೇಲೆ ಇಡಿ, ನೋಡೋಣ."

ಮಾವ ಅವರ ಕೈ ಹಿಡಿದ. ಆ ಬಿರುಕು ಅಲ್ಲೇ, ಅವರ ಭುಜದ ಮಟ್ಟದಲ್ಲಿತ್ತು. ಸುತ್ತ ಜನ ನಿಂತಿದ್ದರು, ಎಂಜಿನಿಯರ್ ಜೀಪಿನಲ್ಲಿ ಕೂತಿದ್ದರು. ಹಿಡಿದ ಕೈಯನ್ನು ಹಾಗೆಯೇ ಕೆಳಗೆ ಬಿಟ್ಟು ಮಾವ ಹೇಳಿದ, "ಮೇಲಿದೆ, ಅಜ್ಜ. ನಿಮ್ಮ ಕೈಗೆ ಎಟುಕಲ್ಲ."

ಅಜ್ಜ ಸ್ವಲ್ಪ ಹೊತ್ತು ಮುಖ ಎತ್ತಿಕೊಂಡೇ ಇದ್ದರು. ಹಾಗಾ ಎಂದು ಇಳಿದು ಹೋದರು.

ಅವತ್ತಿನಿಂದ ಮಾವನಿಗೆ ಬೆಳಗಿನ ಸೈಕಲ್ ತಪ್ಪಿತು. ಮೈ ಸರಿಯಿಲ್ಲ ಎಂದು ಅತ್ತೆಗೆ ಹೇಳಿದ. ಆಫೀಸಿನ ಕಾರಿಡಾರಿನಲ್ಲಿ ಆ ಫೋಟೋವನ್ನು ಚೌಕಟ್ಟು ಹಾಕಿ ತೂಗುಹಾಕಿದ್ದರು. ಅದರ ಮುಂದೆ ಹಾದುಹೋಗಬಾರದೆಂದು ಹಿಂದಿನ ಮೆಟ್ಟಿಲಿನಿಂದ ಓಡಾಡಿದ. ಗೋಡೆ ನಿಜಕ್ಕೂ ದುರ್ಬಲವಾಗಿದ್ದಿರಬಹುದು, ಮನೆ ಹಳೆಯದಲ್ಲವೇ, ಬಿದ್ದು ಜನ ಸತ್ತಿದ್ದರೆ ಆಗ ಏನು ಗತಿ ಎಂದೆಲ್ಲ ತನಗೆ ತಾನೇ ವಕಾಲತ್ತು ನಡೆಸಿದ. ಆದರೆ ಅಜ್ಜನ ಕೈಯ ಬಿಸುಪು ಅಂಗೈಯಲ್ಲಿ ಕೂತುಬಿಟ್ಟಿತ್ತು. ಎಷ್ಟು ತೊಳೆದರೂ ಹೋಗುವುದಿಲ್ಲ ಎನ್ನಿಸಿ ಒಂದು ದಿನ ಊಟಕ್ಕೆ ಮೊದಲು ನಾಲ್ಕು ಸಲ ಕೈ ತೊಳೆದನಂತೆ.

ನಾಲ್ಕನೆಯ ತಿಂಗಳಲ್ಲಿ ಅಜ್ಜನ ಮಗಳು ಆಫೀಸಿಗೆ ಬಂದಳು. ಹಳೆಯ ಮನೆಯ ಮಹಡಿಯಲ್ಲೇ ಉಳಿದ ಕಪಾಟು ತರಲು ಅನುಮತಿ ಕೇಳಿ ಅರ್ಜಿ ಕೊಡಲು ಬಂದದ್ದು. ಬಟ್ಟೆ ಹೊಲಿದು ಜೀವನ ಮಾಡುವವಳು, ಬೆರಳಿಗೆ ಇನ್ನೂ ದಾರ ಸುತ್ತಿಕೊಂಡಿತ್ತು. ಮಾವ ತಡೆಯಲಾರದೆ ನಿಮ್ಮ ತಂದೆ ಹೇಗಿದ್ದಾರೆ ಎಂದು ವಿಚಾರಿಸಿದ. ಹೊಸ ಮನೆಯ ಗೋಡೆಗಳು ಅವರಿಗೆ ಗೊತ್ತಿಲ್ಲ, ಬಚ್ಚಲಿಗೆ ಹೋಗುವಾಗ ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದಿದೆ, ಮಂಚ ಬಿಟ್ಟು ಏಳುವುದಿಲ್ಲ ಎಂದಳು. ಹವಾಮಾನದ ವಿಷಯ ಹೇಳುವಂತೆ ಹೇಳಿ, ರಸೀದಿ ತೆಗೆದುಕೊಂಡು ಹೋದಳು.

ಮಾವ ಅಂದು ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದ. ಪಟ್ಟಿ ಕಿತ್ತದ್ದು, ಸಭೆಯಲ್ಲಿ ಕೈಮುಗಿದದ್ದು, ಕುರುಡರಿಗೆ ಸುಳ್ಳು ಹೇಳಿದ್ದು. ಅತ್ತೆ ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದ. ಅವರು ಹೇಳಿದ್ದು ಇಷ್ಟೇ: "ಇದನ್ನ ನನ್ನ ಮುಂದೆ ಹೇಳಿದ್ರೆ ನಾನೇನು ಮಾಡ್ಲಿ? ಕೇಳಬೇಕಾದೋರು ಬೇರೆ ಇದಾರಲ್ಲ."

ಮಾರನೆಯ ದಿನ ರಜೆ ಹಾಕಿ ಅಜ್ಜನ ಮನೆ ಹುಡುಕಿಕೊಂಡು ಹೋದ. ಒಂದೇ ಕೋಣೆ. ಕಿಟಕಿಯ ಪಕ್ಕ ಹೊಲಿಗೆಯಂತ್ರ, ಗೋಡೆಗೆ ಒತ್ತಿದ ಮಂಚ. ಮಾವ ಚಪ್ಪಲಿ ಬಿಟ್ಟು ನಿಂತೇ ಹೇಳಿದ. ಶುರುವಿನಲ್ಲಿ ಮಗಳು ಹೊಲಿಯುತ್ತಲೇ ಇದ್ದಳು, ನಡುವೆ ಎಲ್ಲೋ ಯಂತ್ರದ ಸದ್ದು ನಿಂತಿತು. ಹೇಳಿ ಮುಗಿದ ಮೇಲೆ ಅವಳು ಕೇಳಿದಳು, "ಇಷ್ಟು ತಿಂಗಳು ನೀವು ದಿನಾ ಊಟ ಮಾಡಿದ್ರಾ?"

"ಮಾಡಿದೆ," ಎಂದ ಮಾವ.

ಆಮೇಲೆ ಮಾತಾಡಿದವರು ಅಜ್ಜ. "ಸುಳ್ಳು ಅಂತ ನನಗೆ ಅವತ್ತೇ ಗೊತ್ತಾಯ್ತು. ನಿಮ್ಮ ಕೈ ಬೆವೆತಿತ್ತು. ಮನುಷ್ಯ ಬಂದು ಹೇಳ್ತಾನೆ ಅಂತ ಒಂದು ವಾರ ಕಾದೆ. ಆಮೇಲೆ ಬಿಟ್ಟೆ. ಈಗ ನನಗೆ ಹೇಳಿದ್ರೆ ನಿಮ್ಮ ಎದೆ ಹಗುರ ಆಗಬಹುದು, ಉಳಿದ ಐದು ಮನೆಯವರಿಗೆ ಏನಾಯ್ತು? ಹೇಳೋ ಕಡೆ ಹೋಗಿ ಹೇಳಿ."

ಎದೆ ಹಗುರವೇನೂ ಆಗಲಿಲ್ಲ ಎಂದು ಮಾವ ನನಗೆ ಹೇಳಿದ. ಅಲ್ಲಿಂದ ನೇರವಾಗಿ ಖಾಲಿ ಕಟ್ಟಡಕ್ಕೆ ಹೋದ. ಬಿಸಿಲು ಮರೆಯಾದ ಹೊತ್ತಿನಲ್ಲಿ, ಪಕ್ಕದಲ್ಲಿ ಪಟ್ಟಿ ಇಟ್ಟು ಅದೇ ಬಿರುಕನ್ನು ಮತ್ತೆ ತೆಗೆದ. ಮೊದಲ ದಿನ ಪಟ್ಟಿ ಅಂಟಿಸಿ ತೆಗೆದಿದ್ದ ಫೋಟೋವನ್ನೂ ಹುಡುಕಿ ಜೊತೆಗಿಟ್ಟ. ಎರಡು ಪುಟದ ಹೇಳಿಕೆ ಬರೆದು ಆಯುಕ್ತರ ಮೇಜಿನ ಮೇಲಿಟ್ಟ. ಎಂಜಿನಿಯರ್ ಸ್ಥಳಕ್ಕೆ ಬಂದಿರಲಿಲ್ಲ ಎಂಬ ಮಾತನ್ನು ಅದರಲ್ಲಿ ಬರೆಯಲಿಲ್ಲ. ಅದನ್ನು ಬರೆದಿದ್ದರೆ ತನ್ನ ತಪ್ಪು ಅರ್ಧವಾದಂತೆ ತೋರುತ್ತಿತ್ತು, ಅದು ಬೇಡವಾಗಿತ್ತು ಎಂದ. ಆಯುಕ್ತರು ಓದಿ ಮುಗಿಸಿ, ಅವತ್ತು ಸಭೆಯಲ್ಲಿ ಎದ್ದು ನಿಂತಿದ್ದಿರಲ್ಲ, ಆಗ ಬಾಯಿರಲಿಲ್ಲವೇ ಎಂದು ಕೇಳಿದರು. ಇತ್ತು ಎಂದು ಮಾವ ಒಪ್ಪಿಕೊಂಡ.

ಅವನನ್ನು ಟಪಾಲು ವಿಭಾಗಕ್ಕೆ ಹಾಕಿದರು. ಲಕೋಟೆಗಳಿಗೆ ಮುದ್ರೆ ಒತ್ತುವ ಕೆಲಸ. ಒಟ್ಟಿಗೆ ಟೀ ಕುಡಿಯುತ್ತಿದ್ದವರು ಬೇರೆ ಮೇಜಿಗೆ ಹೋದರು. ಎಂಜಿನಿಯರ್ ಎದುರು ಸಿಕ್ಕರೆ ಗೋಡೆ ನೋಡುತ್ತಿದ್ದರು. ಚೌಕಟ್ಟು ಹಾಕಿದ್ದ ಫೋಟೋ ಯಾವಾಗಲೋ ಕಾರಿಡಾರಿನಿಂದ ಮಾಯವಾಯಿತು. ಹೊರಗಿನಿಂದ ತಜ್ಞರು ಬಂದು ಗೋಡೆ ಕುಟ್ಟಿ, ಕೊರೆದು, ಅಳೆದರು. ಮೇಲಿನ ಗಾರೆ ಮಾತ್ರ ಬಿರುಕು ಬಿಟ್ಟಿದೆ, ಒಳಗೆ ಗಟ್ಟಿಯಾಗಿದೆ, ಮೆಟ್ಟಿಲಿನ ಎರಡು ತೊಲೆ ಬದಲಾಯಿಸಿದರೆ ಸಾಕು ಎಂದು ಬರೆದುಕೊಟ್ಟರು. ವರ್ಷ ತುಂಬುವ ಹೊತ್ತಿಗೆ ನಾಲ್ಕು ಸಂಸಾರಗಳು ಹಿಂತಿರುಗಿದವು. ಒಂದು ಸಂಸಾರ ಬೇರೆ ಊರು ಸೇರಿತ್ತು.

ಅಜ್ಜ ಹಿಂತಿರುಗಲಿಲ್ಲ. ಮೂರು ಮಹಡಿ ಹತ್ತುವ ಸೊಂಟ ಅವರದಾಗಿರಲಿಲ್ಲ.

ಮಾವ ಪ್ರತಿ ಭಾನುವಾರ ಅಲ್ಲಿಗೆ ಹೋಗಲು ಶುರುಮಾಡಿದ. ಪೇಪರ್ ಓದಿ ಹೇಳುವುದು, ಅಜ್ಜನನ್ನು ಎಬ್ಬಿಸಿ ಕೂರಿಸುವುದು, ಅವರು ಸ್ವಲ್ಪ ಎದ್ದು ಓಡಾಡುವಂತಾದ ಮೇಲೆ ಹಿಡಿದು ನಡೆಯಲು ಬಚ್ಚಲಿನವರೆಗೆ ಹಗ್ಗ ಕಟ್ಟಿಕೊಡುವುದು, ಇಂಥ ಸಣ್ಣಪುಟ್ಟ ಕೆಲಸ. ಅಜ್ಜ ಅವನೊಡನೆ ಗಡಿಯಾರಗಳ ಕಥೆ ಹೇಳುತ್ತ ನಗುತ್ತಿದ್ದರು. ಒಮ್ಮೆ ಆ ಫೋಟೋ ಹೇಗಿತ್ತು ಎಂದು ಕೇಳಿದರಂತೆ. ಮಾವ ಬಿಸಿಲು ಎಲ್ಲಿಂದ ಬಂತು, ನೆರಳು ಎಷ್ಟು ಉದ್ದ ಬಿತ್ತು, ಎಲ್ಲಿ ಕಪ್ಪು, ಎಲ್ಲಿ ಬಿಳಿ ಎಂದು ವಿವರಿಸಿದ. ಹೇಳುತ್ತ ಹೇಳುತ್ತ ತನ್ನ ದನಿಯಲ್ಲಿ ಹುಮ್ಮಸ್ಸು ಬಂದದ್ದು ತನಗೇ ಕೇಳಿಸಿ ನಡುವೆ ನಿಲ್ಲಿಸಿಬಿಟ್ಟ. ಆ ಫೋಟೋ ಈಗಲೂ ಚೆನ್ನಾಗಿದೆ ಅನ್ನಿಸುತ್ತಲ್ಲ, ಅದೇ ನನಗೆ ನುಂಗೋಕೆ ಆಗದೇ ಇರೋದು ಎಂದು ನನ್ನ ಹತ್ತಿರ ಹೇಳಿದ.

ಅಜ್ಜ ತೀರಿಕೊಳ್ಳುವವರೆಗೆ, ಎರಡು ವರ್ಷ, ಒಂದು ಭಾನುವಾರವೂ ಅವನು ತಪ್ಪಿಸಲಿಲ್ಲ. ಮಗಳು ಬಾಗಿಲು ತೆಗೆಯುತ್ತಿದ್ದಳು, ಸರಿದು ದಾರಿ ಬಿಡುತ್ತಿದ್ದಳು, ಒಂದು ಮಾತೂ ಆಡದೆ ಯಂತ್ರದ ಮುಂದೆ ಹೋಗಿ ಕೂರುತ್ತಿದ್ದಳು. ನಿನಗೆ ಬೇಜಾರಾಗಲಿಲ್ಲವಾ ಮಾವ ಎಂದು ಕೇಳಿದೆ. ಬಾಗಿಲು ತೆಗೆಯಲೇಬೇಕು ಅಂತ ಅವಳಿಗೇನೂ ಇರಲಿಲ್ಲವಲ್ಲ ಎಂದ.